ಕಲ್ಯಾಣಿ ಹುಡುಕಿಕೊಟ್ಟ ಎರಡು ಎಕರೆ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕೆಂಚಾರ್ಲಹಳ್ಳಿಯಾಚೆಯ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕಲ್ಯಾಣಿ ಮಂಡಿಯೂರಿ ಕೂತು, ಲಂಟಾನದ ಪೊದೆಯನ್ನು ಕುಡುಗೋಲಿನಿಂದ ಸರಿಸುತ್ತಿದ್ದಾರೆ. ಎಡಗೈಯಲ್ಲಿ ಮೊಬೈಲು. ಅದರಲ್ಲಿ ಉಪಗ್ರಹ ತೆಗೆದ ಇದೇ ಹೊಲದ ಚಿತ್ರ, ಅದರ ಮೇಲೆ ಹಳೆಯ ಗ್ರಾಮ ನಕಾಶೆಯ ಗೆರೆಗಳು. ಎರಡು ಗೆರೆ ಕೂಡುವಲ್ಲಿ ಗಡಿ ಗುರುತಿಸುವ ಬಾಂದುಕಲ್ಲು ಇರಬೇಕು.

ಸೊಪ್ಪು ಕೊಯ್ಯಲು ಬಂದ ಹೆಂಗಸೊಬ್ಬಳು ನಿಂತು ಕೇಳುತ್ತಾಳೆ: "ಏನಮ್ಮಾ, ಏನಾದ್ರೂ ಬೀಳಿಸ್ಕೊಂಡ್ಯಾ?"

"ನಾನಲ್ಲಕ್ಕ. ಯಾರೋ ಕಳ್ಕೊಂಡಿರೋದು, ನಾನು ಹುಡುಕ್ತಾ ಇದೀನಿ."

ಕಲ್ಯಾಣಿಯ ಉದ್ಯೋಗವೇ ಅದು. ಭೂದಾಖಲೆಗಳನ್ನು ನಕಾಶೆಯ ಜೊತೆ ತಾಳೆ ನೋಡುವ ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಯೊಂದರಲ್ಲಿ ಆರು ವರ್ಷದಿಂದ ದಿನಗೂಲಿ ನೌಕರಿ. ಚಿಂತಾಮಣಿಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಅರ್ಧ ದಿನ, ಹೊಲಗಳಲ್ಲಿ ಅರ್ಧ ದಿನ. ನೆಲವಿದ್ದೂ ಪಹಣಿಯಲ್ಲಿ ಒಡೆಯರ ಹೆಸರಿಲ್ಲದ ತುಂಡುಗಳು ತೆರೆಯ ಮೇಲೆ ಕೆಂಪಾಗಿ ಕಾಣುತ್ತವೆ. ಅವು ಯಾರವು ಎಂದು ಪತ್ತೆ ಮಾಡಿ, ವಾರಕ್ಕೊಮ್ಮೆ ಪಟ್ಟಿ ಕಳಿಸಬೇಕು. ಜನ ಕೂಲಿಗೆ ಹೊರಡುವ ಮೊದಲೇ ಹಿಡಿಯಬೇಕಾದ್ದರಿಂದ ಬೆಳಗಿನ ಜಾವವೇ ಅವರ ಕಚೇರಿ ವೇಳೆ.

ಕಲ್ಯಾಣಿಗೆ ಈಗ ನಲವತ್ತೊಂದು. ಬೌದ್ಧ ಧರ್ಮಕ್ಕೆ ಸೇರಿದ ಮನೆಯವರು. ಗಂಡ ಮುನೇಶ್ ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಗಾಡಿ ಓಡಿಸುತ್ತಾರೆ. "ಸಾಫ್ಟ್‌ವೇರು ಮೂರು ವಾರದಲ್ಲಿ ಕಲಿತೆ," ಎಂದು ಕಲ್ಯಾಣಿ ನನಗೆ ಹೇಳುತ್ತಾರೆ. "ಜನರ ಹತ್ರ ಮಾತು ತೆಗೆಯೋದು ಇನ್ನೂ ಕಲೀತಾನೇ ಇದೀನಿ. ಯಾರ ಮಗಳಮ್ಮ ನೀನು, ಯಾವ ಕೇರಿ ಅಂತ ಮೊದಲು ಕೇಳ್ತಾರೆ. ಹೇಳಿದ್ಮೇಲೆ ಕೆಲವರು ಎದ್ದು ಒಳಗೆ ಹೋಗ್ತಾರೆ. ಮ್ಯಾಪಲ್ಲಿ ಹೊಲ ಕಾಣುತ್ತೆ, ಕೇರಿ ಕಾಣಲ್ಲ ಸಾರ್. ಊರಲ್ಲಿ ಮೊದಲು ಕಾಣೋದೇ ಅದು."

ಎರಡು ವರ್ಷದ ಹಿಂದೆ ಹೀಗೇ ಒಂದು ಕೆಂಪು ತುಂಡು ಕಣ್ಣಿಗೆ ಬಿತ್ತು. ಎರಡು ದೊಡ್ಡ ಜಮೀನುಗಳ ನಡುವೆ ಎರಡು ಎಕರೆ. ಅಕ್ಕಪಕ್ಕದವರು ಅದರಲ್ಲಿ ಅರ್ಧರ್ಧ ಉಳುತ್ತಿದ್ದರು. ಯಾರದು ಎಂದರೆ ಊರಿಗೆ ಊರೇ ಗೊತ್ತಿಲ್ಲ ಎಂದಿತು. ನಾಲ್ಕನೆಯ ಸಲ ಹೋದಾಗ ಮುನಿಗಂಗಪ್ಪ ಎಂಬ ಮುದುಕರು, ಕುರಿ ಹೊಡೆದುಕೊಂಡು ಹೋಗುತ್ತಾ, ತಿರುಗಿ ನೋಡದೆಯೇ ಹೇಳಿದರು: "ಅದಿ ಮುನಿಗನ ಚೇನು, ಅವನ ಹೊಲ ಕಣಮ್ಮ. ಅವನು ಹೋಗಿ ಎಷ್ಟೋ ವರ್ಷ ಆಯ್ತು. ಮಗಳು ಶಿಡ್ಲಘಟ್ಟದಾಗೆ ರೇಷ್ಮೆ ಬಿಚ್ಚೋ ಕಡೆ ಅವಳೆ ಅಂತಾರೆ. ನಾನು ಹೇಳ್ದೆ ಅನ್ಬೇಡ."

ಮುನಿಗನಿಗೆ ಸರ್ಕಾರ ಮಂಜೂರು ಮಾಡಿದ್ದ ನೆಲ ಅದು. ದಾಖಲೆ ಕಂಪ್ಯೂಟರಿಗೆ ಏರುವಾಗ ಅವನ ಹೆಸರಿನ ಸಾಲು ಬಿಟ್ಟುಹೋಗಿತ್ತು. ಮಗಳನ್ನು ಹುಡುಕಲು ಕಲ್ಯಾಣಿ ನಾಲ್ಕು ತಿಂಗಳು ಶಿಡ್ಲಘಟ್ಟದ ರೀಲಿಂಗ್ ಘಟಕಗಳನ್ನು ಸುತ್ತಿದರು. ಕೊನೆಗೊಂದು ಕಡೆ, ಕುದಿವ ನೀರಿನ ತೊಟ್ಟಿಯ ಮುಂದೆ, ಬೆರಳುಗಳೆಲ್ಲ ಬೆಂದು ಬಿಳಿಚಿಕೊಂಡ ಆಂಜಿನಮ್ಮ ಸಿಕ್ಕರು. ವಯಸ್ಸು ಅರವತ್ತೆಂಟು. ನೆಲ ಮಂಜೂರಾದಾಗ ಅಪ್ಪನಿಗೆ ಕೊಟ್ಟಿದ್ದ ಸಾಗುವಳಿ ಚೀಟಿಯನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಯಾತಕ್ಕೆಂದು ತಿಳಿಯದೆಯೇ, ಇಟ್ಟುಕೊಂಡಿದ್ದರು.

ಹೆಸರು ಪಹಣಿಗೆ ಬಂತು. ಆ ವಾರ ಆಂಜಿನಮ್ಮ ಬಸ್ಸಿನಲ್ಲಿ ಬಂದು ನಾಲ್ಕೂ ಗಡಿ ನಡೆದು ನೋಡಿದರು. "ಇಷ್ಟಗಲ ಇಟ್ಕೊಂಡು ನಮ್ಮಪ್ಪ ಕಂಡೋರ ಹೊಲದಲ್ಲಿ ಗೇದು ಸತ್ತನಲ್ಲಮ್ಮ," ಎಂದರು. ರಾಗಿ ಹಾಕುತ್ತೇನೆ ಎಂದರು.

ಹಾಕಲಾಗಲಿಲ್ಲ. ಇಪ್ಪತ್ತೆರಡನೆಯ ದಿನ ಅವರ ಮನೆ ಮುಂದೆ ಒಂದು ಕಾರು ನಿಂತಿತು. ಬಂದವರಿಗೆ ಸರ್ವೆ ನಂಬರಿನಿಂದ ಹಿಡಿದು ಅಪ್ಪನ ಹೆಸರಿನವರೆಗೆ ಎಲ್ಲ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಹೆಸರು ಮತ್ತೆ ಹೋಗಬಹುದು, ಕಾಪಾಡಿಕೊಳ್ಳಲು ಒಂದು ಹೆಬ್ಬೆಟ್ಟು ಸಾಕು ಎಂದರು. ಆಂಜಿನಮ್ಮ ಒತ್ತಿದರು. ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಆದ್ದರಿಂದ ಕಾಗದದಲ್ಲಿ ಮಾರಾಟ ಎಂದಿರಲಿಲ್ಲ. ಮೂವತ್ತು ವರ್ಷದ ಗುತ್ತಿಗೆ ಎಂದಿತ್ತು. ಈಗ ಅಲ್ಲಿ ತಂತಿಬೇಲಿಯಿದೆ.

ಕಾರಿನವರಿಗೆ ವಿಳಾಸ ಕೊಟ್ಟವರು ಯಾರು? ಕಲ್ಯಾಣಿ ತಮ್ಮ ಮೇಲ್ವಿಚಾರಕ ಮೋಹನ್‌ಬಾಬು ಅವರನ್ನು ಕೇಳಿದರು.

"ಪಟ್ಟಿ ಹತ್ತು ಕಡೆ ಹೋಗುತ್ತೆ ಕಲ್ಯಾಣಿಯವರೇ. ಹುಡುಕೋದು ನಿಮ್ಮ ಕೆಲಸ. ಆಮೇಲಿಂದು ನಿಮಗ್ಯಾಕೆ?"

ಆ ಪಟ್ಟಿ ಬರೆದವರು ಕಲ್ಯಾಣಿಯೇ. ವಿಳಾಸ ತಪ್ಪಿಲ್ಲದಂತೆ, ಬೀದಿ, ಪಕ್ಕದ ಅಂಗಡಿಯ ಗುರುತು ಸಮೇತ. "ನೀಟಾಗಿ ಬರೀತೀಯ ಅಂತ ಹೊಗಳ್ತಿದ್ರು ಸಾರ್," ಎಂದು ಅವರು ಹೇಳುವಾಗ ಮುಖ ಆ ಕಡೆ ತಿರುಗಿರುತ್ತದೆ.

ಅಂದಿನಿಂದ ಪಟ್ಟಿ ಕಳಿಸುವ ಮುನ್ನ ಅವರು ಸ್ವಂತ ಖರ್ಚಿನಲ್ಲಿ ಒಡೆಯರ ಮನೆಗೆ ಹೋಗಿ ಕೂರುತ್ತಾರೆ. ಯಾರು ಬಂದರೂ ಹೆಬ್ಬೆಟ್ಟು ಒತ್ತಬೇಡಿ ಎಂದು ಹೇಳಿ ಬರುತ್ತಾರೆ. ಪಟ್ಟಿ ತಡವಾಗುತ್ತದೆ, ಸಂಸ್ಥೆ ಎರಡು ಸಲ ನೋಟಿಸು ಕೊಟ್ಟಿದೆ. ಮೂರನೆಯದು ಬಂದರೆ ಕೆಲಸವಿಲ್ಲ.

ಸಂಸ್ಥೆಯ ವರದಿಯ ಪ್ರಕಾರ ಕಲ್ಯಾಣಿ ಈವರೆಗೆ ಪತ್ತೆ ಮಾಡಿದ ಒಡೆಯರು ನೂರಾ ಎಂಬತ್ತೇಳು. ಇನ್ನೊಂದು ಲೆಕ್ಕವನ್ನು ಅವರು ತಾವೇ ಇಟ್ಟಿದ್ದಾರೆ: ಅವರಲ್ಲಿ ಇವತ್ತಿಗೂ ತಮ್ಮ ನೆಲವನ್ನು ತಾವೇ ಉಳುತ್ತಿರುವವರು ನಲವತ್ತೊಂದು ಮಂದಿ. ಅದನ್ನು ಯಾರೂ ಕೇಳಿಲ್ಲ.

ಆಂಜಿನಮ್ಮ ಮತ್ತೆ ತೊಟ್ಟಿಯ ಮುಂದೆ ಕೂತಿದ್ದಾರೆ. ಗುತ್ತಿಗೆ ರದ್ದು ಮಾಡಿಸಲು ಕಲ್ಯಾಣಿಯೇ ಅರ್ಜಿ ಬರೆದು ಹಾಕಿಸಿದರು. ಐದು ಸಲ ವಿಚಾರಣೆಗೆ ದಿನಾಂಕ ಬಿತ್ತು, ಐದೂ ಸಲ ಎದುರು ಪಕ್ಷ ಬರಲಿಲ್ಲ. ಆರನೆಯ ದಿನಾಂಕ ತಿಳಿಸಲು ಹೋದಾಗ ಮುದುಕಿ ನೂಲಿನ ಎಳೆಯಿಂದ ಕಣ್ಣು ತೆಗೆಯದೆ ಅಂದದ್ದು ಇಷ್ಟು: "ನೀನು ಹುಡುಕ್ಕೊಂಡು ಬರ್ದೆ ಇದ್ದಿದ್ರೆ, ಕಳ್ಕೊಂಡೆ ಅನ್ನೋದೇ ನಂಗೆ ಗೊತ್ತಾಗ್ತಿರ್ಲಿಲ್ಲ ಕಣಮ್ಮ."

ಅದು ಬೈಗುಳವೋ ಅಲ್ಲವೋ ಎಂದು ಕಲ್ಯಾಣಿಗೆ ಇನ್ನೂ ತಿಳಿದಿಲ್ಲ. ಆದರೂ ಈ ವಾರ ಗೌರಿಬಿದನೂರು ಕಡೆಯ ಹನ್ನೊಂದು ಕೆಂಪು ತುಂಡುಗಳು ಅವರ ಪಾಲಿಗೆ ಬಂದಿವೆ. ಅಲ್ಲಿಗೆ ಹೋಗಲು ಅಲೀಪುರದ ಬಸ್ಸಿಗೆ ಅವರ ಜೊತೆ ಕಾಯುತ್ತಾ, ಏನು ಬದಲಾಗಬೇಕು ನಿಮಗೆ ಎಂದು ಕೇಳುತ್ತೇನೆ. ಸಂಬಳದ ಮಾತು ಬರುತ್ತದೆಂದುಕೊಂಡಿದ್ದೆ.

"ಸಂಸ್ಥೆಗೆ ಒಂದು ಕಾಗದ ಬರ್ದಿದೀನಿ ಸಾರ್. ಹೆಸರು ಸಿಕ್ಕಿದೋರು ಆ ನೆಲದಲ್ಲಿ ಒಂದು ಬೆಳೆ ಕೊಯ್ಯೋವರೆಗೂ ನನ್ನ ಪಟ್ಟಿ ಯಾರ ಕೈಗೂ ಕೊಡಬೇಡಿ ಅಂತ. ಒಂದೇ ಒಂದು ಬೆಳೆ. ಒಂದ್ಸಲ ತಮ್ಮ ರಾಗಿ ತಾವು ತಿಂದೋರು ಹೆಬ್ಬೆಟ್ಟು ಒತ್ತಕ್ಕೆ ಮುಂಚೆ ಸ್ವಲ್ಪ ಯೋಚನೆ ಮಾಡ್ತಾರೆ."

ಕಾಗದ ಕೊಟ್ಟು ಏಳು ತಿಂಗಳಾಗಿದೆ. ಉತ್ತರ ಬಂದಿಲ್ಲ.