ಐವತ್ತೈದರ ಯುವರಾಜ

ನನಗೆ ಐವತ್ತೈದು ವರ್ಷ. ವರ್ಷಕ್ಕೊಮ್ಮೆ, ಒಂದು ದಿನದ ಮಟ್ಟಿಗೆ, ಹದಿನೆಂಟು. ಮಿಕ್ಕ ದಿನಗಳಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಆ ಒಂದು ದಿನ ನಮ್ಮೂರ ನಾಟಕದಲ್ಲಿ ಯುವರಾಜ. ಡೈರಿಯಲ್ಲಿ ಬೆಳಗ್ಗೆ ಸಂಜೆ ಜನ ನನ್ನನ್ನು ನೋಡುವುದು, ಈತ ಹಾಲಿನ ಫ್ಯಾಟು ಕಡಿಮೆ ಬರೆದಿದ್ದಾನೆ ಎಂಬ ಗುಮಾನಿಯಿಂದ. ನಾಟಕದ ದಿನ ಅದೇ ಜನ ಅದೇ ಕಣ್ಣುಗಳಲ್ಲಿ ನೀರು ತಂದುಕೊಂಡು, ‘ಪಾಪ, ಎಳೇ ಹುಡುಗ’ ಎನ್ನುತ್ತಾರೆ. ಇಂಥ ಪ್ರೀತಿಯನ್ನು ಸುಮ್ಮನೆ ಬಿಟ್ಟುಕೊಡುವಷ್ಟು ವೈರಾಗ್ಯ ನನಗೆ ಬಂದಿರಲಿಲ್ಲ. ಆದ್ದರಿಂದಲೇ ಹೋದ ವರ್ಷ ನಾನು ಯಾರಿಗೂ ಹೇಳದೆ, ಮುಖದ ಸುಕ್ಕು ತೆಗೆಯುವ ಕೆಂಪು ದೀಪದ ಮುಖವಾಡವೊಂದನ್ನು ಫೋನಿನಲ್ಲಿ ತರಿಸಿಕೊಂಡೆ.

ಪಾರ್ಸಲ್ ಬಂದ ದಿನವೇ ಗುಟ್ಟು ಅರ್ಧ ಬಯಲಾಯಿತು. ಪಾರ್ಸಲ್ ತಂದವನು ಮನೆಗೆ ಬರುವ ಬದಲು ಡೈರಿಗೇ ಬಂದ. ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದವರೆಲ್ಲ ಡಬ್ಬಿಯ ಸುತ್ತ ನೆರೆದರು. ಮೇಲೆ ವೈರು, ಬಲ್ಬುಗಳ ಚಿತ್ರವಿತ್ತು. “ಅಂತೂ ಹೊಸ ಫ್ಯಾಟ್ ಮಿಷನ್ ತರಿಸ್ದೆ ಅನ್ನು. ಇನ್ಮೇಲಾದ್ರೂ ನ್ಯಾಯ ಸಿಗ್ತದೆ ಬುಡು” ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ಹಾಲಿನ ಫ್ಯಾಟು ಅಳೆಯುವುದಕ್ಕಲ್ಲ, ನನ್ನ ಕೆನ್ನೆಗೆ ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ? ಪ್ರಯೋಗ ನಡೆಸಿ ನೋಡಬೇಕು ಎಂದು ಹೇಳಿ ಮನೆಗೆ ತಂದೆ, ಆ ಮಾತು ಸುಳ್ಳೂ ಆಗಿರಲಿಲ್ಲ.

ಈ ನಾಟಕದ ವಿಷಯ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಪಾಪಣ್ಣನವರು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಕಲಿಸುವ ಪಾಳೆಯಗಾರರ ಕಥೆ ಅದು. ಸೇನಾಪತಿ ಮೋಸದಿಂದ ಮಹಾರಾಜನನ್ನು ಕೊಲ್ಲಿಸುತ್ತಾನೆ. ಯುವರಾಜ ಅಳುತ್ತಾನೆ, ತಾಯಿಯ ಮುಂದೆ ಮಂಡಿಯೂರಿ ಆಶೀರ್ವಾದ ಪಡೆಯುತ್ತಾನೆ, ಯುದ್ಧಕ್ಕೆ ಹೋಗುತ್ತಾನೆ. ನಮ್ಮಲ್ಲಿ ಪಾತ್ರವೆಂದರೆ ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ, ಒಮ್ಮೆ ಬಂದರೆ ಯಾರೂ ಬಿಡುವುದಿಲ್ಲ. ಜಮೀನು ಬಿಟ್ಟವರುಂಟು, ಪಾತ್ರ ಬಿಟ್ಟವರಿಲ್ಲ. ಹೀಗಾಗಿ ನನ್ನ ತಂದೆ ಮಹಾರಾಜ ನನಗಿಂತ ಹದಿನೈದು ವರ್ಷ ಚಿಕ್ಕವನು. ಹೆಸರು ಗಿರೀಶ. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಶಿಫ್ಟು ಮುಗಿಸಿ ಬಂದು ಕಿರೀಟ ಹಾಕಿಕೊಳ್ಳುತ್ತಾನೆ. ನನ್ನ ತಾಯಿ ಮಹಾರಾಣಿಯ ಪಾತ್ರಕ್ಕೆ ತುಮಕೂರು ಕಡೆಯಿಂದ ಬರುವ ಕಲಾವಿದೆ ಸುಮಾ ಇನ್ನೂ ಚಿಕ್ಕವಳು. ಊರಿನಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಕಾಣಿಸಿದ್ದು ಫೋನುಗಳಿಂದ. ಹಿಂದಿನ ವರ್ಷದ ನಾಟಕವನ್ನು ಯಾರೋ ಹತ್ತಿರದಿಂದ ಚಿತ್ರಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ದೂರದಿಂದ ಬಣ್ಣದಲ್ಲಿ ಮುಚ್ಚಿಹೋಗುತ್ತಿದ್ದ ಹಣೆ, ಫೋನಿನಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ನಿಂತಿತ್ತು. ಆ ಬಿರುಕುಗಳ ನಡುವಿನಿಂದ ನಾನು, ‘ಅಮ್ಮಾ, ನಾನಿನ್ನೂ ಹಾಲುಗಲ್ಲದ ಹಸುಳೆ’ ಎಂದು ಹಾಡುತ್ತಿದ್ದೆ. ಪಾಪಣ್ಣ ಮೇಷ್ಟ್ರು ಅದನ್ನು ನೋಡಿ, ಈ ಸಲ ಯುವರಾಜ ಯಾರು ಎನ್ನುವುದನ್ನು ಟ್ರಯಲ್ಲಿನ ದಿನವೇ ಹೇಳುವುದಾಗಿ ಸಾರಿದರು. ಸೇನಾಪತಿಯ ಪಾತ್ರದ ಮುನಿರಾಜು ಕೂಡಲೇ ಕೈಯೆತ್ತಿದ. ಅವನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ನನ್ನಷ್ಟೇ ವಯಸ್ಸು. ಆದರೆ ಅವನ ತೋಟ ಏರ್‌ಪೋರ್ಟ್ ರಸ್ತೆಯ ಬಡಾವಣೆಗೆ ಹೋಗಿ ಕೈತುಂಬ ದುಡ್ಡು ಬಂದಿತ್ತು. ಅವನು ಸೀದಾ ಬೆಂಗಳೂರಿನ ಚರ್ಮದ ಕ್ಲಿನಿಕ್ಕಿಗೆ ಹೋದ.

ಇಲ್ಲಿಂದ ಮುಂದೆ ನಾನು ಈ ಶಾಸ್ತ್ರದಲ್ಲಿ ಪಂಡಿತನಾದೆ. ಮನೆಯ ಉಪಕರಣ ಮೇಲೋ, ಕ್ಲಿನಿಕ್ಕಿನ ಚಿಕಿತ್ಸೆ ಮೇಲೋ ಎಂಬ ಜಗಳ ಹೊಸದೆಂದು ನೀವು ಭಾವಿಸಬೇಡಿ. ನಮ್ಮ ಹಳೆಯ ಆಯುರ್ವೇದವೇ ಮುಪ್ಪು ತಡೆಯುವ ರಸಾಯನವನ್ನು ಎರಡು ದಾರಿ ಮಾಡಿದೆ. ಒಂದು ಕುಟೀಪ್ರಾವೇಶಿಕ: ಅದಕ್ಕೆಂದೇ ಕಟ್ಟಿದ ಕುಟೀರದೊಳಗೆ ಸೇರಿಕೊಂಡು, ವೈದ್ಯನ ಕಣ್ಣೆದುರು ಮಾಡಿಸಿಕೊಳ್ಳುವಂಥದು. ಇನ್ನೊಂದು ವಾತಾತಪಿಕ: ಗಾಳಿ ಬಿಸಿಲಿನಲ್ಲಿ ಓಡಾಡಿಕೊಂಡು, ಮನೆಗೆಲಸ ಮಾಡಿಕೊಂಡೇ ನಡೆಸುವಂಥದು. ಫಲ ಮೊದಲನೆಯದರಲ್ಲಿ ಹೆಚ್ಚು, ಪೇಚಾಟವೂ ಹೆಚ್ಚು. ಎರಡನೆಯದು ಬಡವರ ದಾರಿ, ಬಿಡುವಿಲ್ಲದವರ ದಾರಿ. ಮುನಿರಾಜು ಕುಟೀರ ಹೊಕ್ಕ. ಕುಟೀರಕ್ಕೆ ಏಸಿ ಇತ್ತು. ನಾನು ವಾತಾತಪಿಕನಾಗಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮುಖವಾಡ ಕಟ್ಟಿಕೊಂಡು ಕುಳಿತೆ.

ಕ್ಲಿನಿಕ್ಕಿನಲ್ಲಿ ಅವನ ಹಣೆಗೂ ಹುಬ್ಬಿನ ನಡುವಿಗೂ ಸಣ್ಣ ಸೂಜಿಯಲ್ಲಿ ಚುಚ್ಚಿದರು. ಸುಕ್ಕು ಮೂಡಿಸುವ ಸ್ನಾಯುವನ್ನೇ ಕೆಲವು ತಿಂಗಳು ಮಲಗಿಸಿಬಿಡುವ ಮದ್ದು ಅದು. ವಾರ ಕಳೆಯುವಷ್ಟರಲ್ಲಿ ಅವನ ಹಣೆ ಹೊಸದಾಗಿ ಸಾರಿಸಿದ ಜಗಲಿಯಾಯಿತು. ಅವನು ಡೈರಿಗೇ ಬಂದು ತೋರಿಸಿದ. ನನ್ನ ದೀಪದ ಗುಟ್ಟು ಅಷ್ಟರಲ್ಲಿ ಅವನ ಕಿವಿಗೂ ಬಿದ್ದಿತ್ತು.

“ಸೊಳ್ಳೆ ಕಚ್ದಂಗಾಯ್ತು ಕಣ್ಲಾ ಸೆಕ್ರೆಟ್ರಿ, ಅಷ್ಟೇಯ. ನೀನು ಮನೇಲಿ ದೀಪ ಹಚ್ಕೊಂಡು ಕುಂತಿರು. ಮೊಮ್ಮಕ್ಕಳ ಮದ್ವೆ ಹೊತ್ಗೆ ಯುವರಾಜ ಆಯ್ತೀಯ.”

ಮನೆಯ ಯಂತ್ರದ ಗುಣವೇ ಬೇರೆ. ದಿನಕ್ಕೆ ಸ್ವಲ್ಪ ಹೊತ್ತು, ತಿಂಗಳುಗಟ್ಟಲೆ, ಬಿಡದೆ ಹಾಕಿಕೊಳ್ಳಬೇಕು. ಆತುರಪಟ್ಟು ದುಪ್ಪಟ್ಟು ಹೊತ್ತು ಹಾಕಿಕೊಂಡರೆ ದುಪ್ಪಟ್ಟು ಯೌವನ ಬರುವುದಿಲ್ಲ. ಅದನ್ನೂ ಮಾಡಿ ನೋಡಿದ್ದರಿಂದ ಹೇಳುತ್ತಿದ್ದೇನೆ. ಕ್ಲಿನಿಕ್ಕು ಬಯಸುವುದು ಧೈರ್ಯವನ್ನು, ಯಂತ್ರ ಬಯಸುವುದು ತಾಳ್ಮೆಯನ್ನು. ಕ್ಲಿನಿಕ್ಕಿನಲ್ಲಿ ನಿಮ್ಮನ್ನು ನೋಡಿ ಹೇಳುವ ಡಾಕ್ಟರಿರುತ್ತಾರೆ. ಮನೆಯಲ್ಲಿ ಹೆಂಡತಿ ಇರುತ್ತಾಳೆ. ನನ್ನ ಹೆಂಡತಿ ಜಯಮ್ಮ ಮೊದಲ ದಿನ ಬಾಗಿಲು ತೆರೆದು, ಕತ್ತಲ ಕೋಣೆಯಲ್ಲಿ ಕೆಂಪಗೆ ಉರಿಯುತ್ತಿದ್ದ ನನ್ನನ್ನು ನೋಡಿದಳು. ಕೂಗಲಿಲ್ಲ, ಬೆದರಲಿಲ್ಲ. “ಆ ಮೊಕ ಹಾಕ್ಕೊಂಡು ಕೊಟ್ಗೆ ಕಡೆ ಮಾತ್ರ ಬರ್ಬೇಡಿ, ಹಸ ಹಾಲು ಬುಡಲ್ಲ” ಎಂದು ಬಾಗಿಲು ಮುಚ್ಚಿದಳು. ಆಮೇಲೆ ಊಟಕ್ಕೆ ಬಡಿಸುವಾಗ, ಸಿಪ್ಪೆ ಸುಕ್ಕಾದ ಚಕ್ಕೋತವೇ ಅಲ್ಲವೆ ಸಿಹಿ ಎಂದು ಸಮಾಧಾನ ಹೇಳಿದಳು. ನಿಜವೇ. ಕಿತ್ತು ಮೂಲೆಯಲ್ಲಿಟ್ಟು ಸಿಪ್ಪೆ ಸುಕ್ಕುಗಟ್ಟಿದ ಮೇಲೆಯೇ ನಾವು ಚಕ್ಕೋತ ಬಿಡಿಸುವುದು. ಆದರೆ ಚಕ್ಕೋತಕ್ಕೆ ಯಾರೂ ಯುವರಾಜನ ಪಾತ್ರ ಕೊಡುವುದಿಲ್ಲ.

ಟ್ರಯಲ್ಲು ಸಂಜೆಯ ಹಾಲು ಅಳೆದಾದ ಮೇಲೆ ಡೈರಿಯ ಹಜಾರದಲ್ಲಿ ನಡೆಯಿತು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕುಳಿತು, ತಲೆಯ ಮೇಲೆ ಹೋಗುತ್ತಿದ್ದ ವಿಮಾನದ ಸದ್ದು ಅಡಗುವವರೆಗೆ ಕಾದು, ತಂದೆಯ ಸಾವಿನ ಸುದ್ದಿ ಬರುವ ದೃಶ್ಯ ಮಾಡುವಂತೆ ಮುನಿರಾಜುವಿಗೆ ಹೇಳಿದರು. ಮುನಿರಾಜುವಿನ ಕಂಠ ಚೆನ್ನಾಗಿದೆ, ಅದರಲ್ಲಿ ಮಾತಿಲ್ಲ. ಎದೆ ಬಡಿದುಕೊಂಡ, ಹಾಡಿದ, ಬಿಕ್ಕಿದ. ಕುತ್ತಿಗೆಯಿಂದ ಕೆಳಗೆ ಪ್ರಳಯ. ಹಣೆ ಮಾತ್ರ ಅಲುಗಲಿಲ್ಲ. ಮೇಷ್ಟ್ರು ತಿದಿ ಒತ್ತುವುದನ್ನು ನಿಲ್ಲಿಸಿದರು.

“ಲೇ ಮುನಿರಾಜ, ಸತ್ತಿರೋದು ನಿಮ್ಮಪ್ಪ ಕಣೋ. ನಿನ್ ಮೊಕ ನೋಡುದ್ರೆ ಬಸ್ಸು ತಪ್ಪೋಯ್ತು ಅನ್ನೋವಷ್ಟೂ ದುಃಖ ಇಲ್ವಲ್ಲ.”

“ಅಳ್ತಾ ಇವ್ನಿ ಮೇಷ್ಟ್ರೆ.”

“ಎಲ್ಲಿ?”

“ಒಳಗೆ.”

ಆಮೇಲೆ ನನ್ನ ಸರದಿ. ಕೆಂಪು ದೀಪದ ಕೆಳಗೆ ಅಷ್ಟು ದಿನ ಕುಳಿತದ್ದಕ್ಕೆ ನನ್ನ ಚರ್ಮಕ್ಕೆ ತುಸು ಕಳೆ ಬಂದಿತ್ತು ಎಂದು ಇಂದಿಗೂ ನಂಬಿದ್ದೇನೆ. ಹಣೆಯ ಗೆರೆಗಳೆಲ್ಲ ಇದ್ದಲ್ಲೇ ಇದ್ದವು. ತಂದೆ ಸತ್ತ ಸುದ್ದಿಗೆ ಎಲ್ಲವೂ ಒಟ್ಟಿಗೆ ಎದ್ದು ಬಂದವು. ಮೇಷ್ಟ್ರು ನನ್ನ ಮುಖ ನೋಡಿ, “ಸುಕ್ಕು ಅವೆ. ಆದ್ರೆ ಅಳ್ತವೆ” ಎಂದರು. ಪಾತ್ರ ನನಗೇ ಉಳಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದು ಮನೆಗೆ ಹೋಗಿ ಮುಖವಾಡಕ್ಕೆ ಕೈ ಮುಗಿದೆ. ಹೆಚ್ಚೇನೂ ಮಾಡದೆ ಇದ್ದದ್ದೇ ಅದು ನನಗೆ ಮಾಡಿದ ಉಪಕಾರ.

ನಾಟಕ ನಮ್ಮ ತಾಲ್ಲೂಕಿನದೇ ವಿಜಯಪುರದ ಒಂದು ಭವನದಲ್ಲಿ, ಹಗಲು ಹೊತ್ತಿನಲ್ಲಿ. ಈಗ ಎಲ್ಲರಿಗೂ ಶಿಫ್ಟು, ರಾತ್ರಿಯೆಲ್ಲ ನಾಟಕ ನೋಡುವವರಿಲ್ಲ. ಮೊದಲು ಮುನಿರಾಜುವಿನ ವಿಷಯ ಹೇಳಿಬಿಡುತ್ತೇನೆ, ನ್ಯಾಯ ನ್ಯಾಯವೇ. ಸೇನಾಪತಿಯಾಗಿ ಅವನು ಪ್ರತಿ ವರ್ಷ ಹುಬ್ಬು ಗಂಟಿಕ್ಕಿ ಅಬ್ಬರಿಸುತ್ತಿದ್ದ, ಮಕ್ಕಳು ನಗುತ್ತಿದ್ದವು. ಈ ಸಲ ಹುಬ್ಬು ಗಂಟಾಗಲೇ ಇಲ್ಲ. ಮಹಾರಾಜನನ್ನು ಕೊಲ್ಲಿರಿ ಎಂದು ಒಂದು ಗೆರೆಯೂ ಇಲ್ಲದ ಮುಖದಿಂದ ಅಪ್ಪಣೆ ಕೊಟ್ಟ. ಮಕ್ಕಳು ಅಮ್ಮಂದಿರ ಪಕ್ಕಕ್ಕೆ ಸರಿದವು. “ಇವನಿಗೆ ಕ್ವಾಪಾನೂ ಬರಲ್ವಲ್ಲ. ಇಂಥೋರೆ ಕಣಮ್ಮಿ ಮನೆ ಹಾಳ್ಮಾಡೋದು” ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳಿದ್ದು ಪರದೆಯ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಕ್ಲಿನಿಕ್ಕಿಗೆ ಹಾಕಿದ ದುಡ್ಡು ಅವನಿಗೆ ನಷ್ಟವಾಗಲಿಲ್ಲ.

ನನ್ನ ಮುಖವೂ ನನ್ನ ಮಾನ ಕಾಯಿತು. ನಾನೂ ಅತ್ತೆ, ಜನರನ್ನೂ ಅಳಿಸಿದೆ. ಬಣ್ಣವೂ ಬಿರಿಯಲಿಲ್ಲ. ಆಶೀರ್ವಾದದ ದೃಶ್ಯದಲ್ಲಿ ಮಹಾರಾಣಿಯ ಮುಂದೆ ಠೀವಿಯಿಂದ ಮಂಡಿಯೂರಿದೆ. ಅವಳು ಹಾಡು ಮುಗಿಸಿ, “ಏಳು ಕಂದಾ, ಸಮರಕ್ಕೆ ಹೊರಡು” ಎಂದಳು. ಕಂದ ಏಳಬೇಕು. ಮಂಡಿ ಏಳಲಿಲ್ಲ.

ಮುಖದ ಕಡೆಯಿಂದ ವೈರಿ ಬರುತ್ತಾನೆಂದು ಅಷ್ಟು ದಿನ ಕಾವಲು ಕೂತಿದ್ದೆ, ಅವನು ಹಿತ್ತಿಲಿನಿಂದ ಬಂದಿದ್ದ. ಸುಮಾ ಅನುಭವಸ್ಥೆ. ತಬ್ಬಿಕೊಳ್ಳುವವಳಂತೆ ಬಗ್ಗಿ, ನನ್ನ ಎರಡೂ ತೋಳಿನ ಕೆಳಗೆ ಕೈ ಕೊಟ್ಟು, ಮೆಲ್ಲಗೆ, “ನಿಧಾನ ಅಂಕಲ್, ನನ್ ಮೇಲೆ ಭಾರ ಬಿಡಿ” ಎಂದಳು. ತಾಯಿ ಮಗನನ್ನು ಎಬ್ಬಿಸಿ ನಿಲ್ಲಿಸಿದಳು. ತಾಯ ಕರುಳು ಎಂದರೆ ಇದು ಎಂದು ಸಭೆಗೆ ಸಭೆಯೇ ಕಣ್ಣೊರೆಸಿಕೊಂಡಿತು. ನಾನೂ ಅತ್ತೆ. ಆ ಅಳು ನಾಟಕದ್ದಲ್ಲ. ಇಷ್ಟು ವರ್ಷ ಜೊತೆಗಿದ್ದ ಆ ಹುಡುಗ ಅಲ್ಲಿಂದ ಎದ್ದು ಯುದ್ಧಕ್ಕೆ ಹೋದವನು, ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಬಣ್ಣ ತೊಳೆಯುವ ಮುಂಚೆಯೇ ನಾನು ಮೇಷ್ಟ್ರಿಗೆ ಹೇಳಿದೆ, ಮುಂದಿನ ಸಲ ಗಿರೀಶ ಯುವರಾಜನಾಗಲಿ, ನಾನು ಮಹಾರಾಜನಾಗುತ್ತೇನೆ ಎಂದು. ಮಹಾರಾಜ ಸಾಯುವವರೆಗೂ ಸಿಂಹಾಸನದಲ್ಲಿ ಕುಳಿತೇ ಇರುತ್ತಾನೆ; ಸಾಯುವುದೂ ಕುಳಿತಲ್ಲೇ. ಮೇಷ್ಟ್ರು ತಲೆಯಾಡಿಸಿದರು. ಇಷ್ಟು ವರ್ಷ ನನ್ನ ತಂದೆಯಾಗಿದ್ದವನು ಹೀಗೆ ನನ್ನ ಮಗನಾದ.

ಮೊನ್ನೆ ಗಿರೀಶ ಪಾಠ ಹೇಳಿಸಿಕೊಳ್ಳಲು ಮನೆಗೆ ಬಂದ. ನಾನು ಕುರ್ಚಿಯಲ್ಲಿದ್ದೆ. ಮುಖವಾಡ ಕೆಂಪಗೆ ಉರಿಯುತ್ತ ನನ್ನ ಬಲ ಮಂಡಿಗೆ ಕಟ್ಟಿತ್ತು. ಅದರಿಂದ ನೋವು ಇಳಿಯುತ್ತದೋ, ಸುಮ್ಮನೆ ಕೂರುವುದರಿಂದ ಇಳಿಯುತ್ತದೋ ನಾನು ಹೇಳಲಾರೆ. ಇಳಿಯುವುದಂತೂ ಹೌದು. ಆಶೀರ್ವಾದದ ದೃಶ್ಯಕ್ಕೆ ಗಿರೀಶ ಮಹಾರಾಣಿಯ ಬದಲು ನನ್ನ ಮುಂದೆ ಮಂಡಿಯೂರಿ ಕೈ ಜೋಡಿಸಿದ. ಎದುರಿಗೆ ಕಣ್ಣು, ಮೂಗು, ಬಾಯಿ ಇದ್ದ ನನ್ನ ಮಂಡಿ. ಮೇಲೊಮ್ಮೆ ನೋಡಿದ, ಕೆಳಗೊಮ್ಮೆ ನೋಡಿದ.

“ಯಾವ ಮೊಕಕ್ಕೆ ನಮಸ್ಕಾರ ಮಾಡ್ಲಣ್ಣ?”

“ಕೆಳಗಿನದಕ್ಕೇ ಮಾಡಪ್ಪ” ಎಂದೆ. “ನಿಂಗೆ ಪಾತ್ರ ಬಿಟ್ಟುಕೊಟ್ಟಿದ್ದು ಅದೇ.”