ಮೂಗುದಾರದ ಮಣಿ

ಕಾಕಾ ಮಗ್ಗುಲು ಬದಲಿಸಿದ ಕೂಡಲೇ ಮೂಗಿನ ರಬ್ಬರ್ ನಳಿಗೆ ಮತ್ತೆ ಜಾರಿಬಿತ್ತು. ನ್ಯುಮೋನಿಯಾದಿಂದ ಅವರ ತುಟಿ ನೀಲಿಗಟ್ಟಿತ್ತು. ಶಹಾಬಾದಿನ ಆಸ್ಪತ್ರೆಯ ಡಾಕ್ಟರು ಹಚ್ಚಿದ ಅಂಟುಪಟ್ಟಿ ಬೆವರಿಗೆ ನಿಲ್ಲುತ್ತಿರಲಿಲ್ಲ. ಆಮ್ಲಜನಕ ಸೀಸೆಯ ನೀರಿನಲ್ಲಿ ಗುಳುಗುಳು ಎನ್ನುತ್ತ, ಮೂಗಿಗೆ ಸೇರದೆ ಸುಮ್ಮನೆ ಹೋಗುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಕಲ್ಲುಗಣಿಯ ಬಿಳಿ ಧೂಳು ತೇಲುತ್ತಿತ್ತು. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವಿಜ್ಞಾನ ಓದಿ ಬಂದಿದ್ದ ನಾನು ನಳಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದು ಕುಳಿತಿದ್ದೆ.

ಮಂಚದ ಬದಿ ಕುಳಿತಿದ್ದ ಕಾಕಾನ ಹೆಂಡತಿ, ನನ್ನ ಚಿಗವ್ವ, ಎದ್ದಳು. ನೂಲಿನ ದಾರವನ್ನು ನಳಿಗೆಗೆ ಬಿಗಿದು, ಎರಡೂ ತುದಿಗಳನ್ನು ಕಾಕಾನ ಕಿವಿಗಳ ಹಿಂದಿನಿಂದ ತಂದು, ಗದ್ದದ ಕೆಳಗೆ ತನ್ನ ಸರದ ಮಣಿಯೊಂದರಲ್ಲಿ ಪೋಣಿಸಿದಳು. ಮಣಿಯನ್ನು ಮೇಲೆ ಸರಿಸಿದರೆ ಬಿಗಿ, ಕೆಳಗೆ ಸರಿಸಿದರೆ ಸಡಿಲ.

"ಏನವ್ವಾ ಇದು?" ಎಂದರು ಡಾಕ್ಟರು.

"ನಮ್ಮೂರು ದಂಡೋತ್ಯಾಗ ಎತ್ತಿಗಿ ಹಿಂಗೇ ಕಟ್ತೀವ್ರಿ ಸಾಹೇಬ್ರ. ಎಷ್ಟ್ ತಲಿ ಝಾಡಿಸಿದ್ರೂ ಮೂಗುದಾರ ಜಾರಂಗಿಲ್ಲ."

ಕಾಕಾ ಕಣ್ಣು ತೆರೆದರು. "ಕಡೀಕ್ ನನಗೂ ಹಾಕಿದಿ ನೋಡು ಮೂಗುದಾರ. ಭಾಳ ಬಿಗೀಬ್ಯಾಡ."

ನಳಿಗೆ ಮತ್ತೆ ಜಾರಲಿಲ್ಲ. ಸಂಜೆಯ ಹೊತ್ತಿಗೆ ಅವರ ತುಟಿಗೆ ಬಣ್ಣ ಬಂತು.

ಮಣಿ ಕೆಂಪಗಿತ್ತು ಎಂದು ನನ್ನ ನೆನಪು. ಹಸಿರು ಎನ್ನುತ್ತಾಳೆ ಚಿಗವ್ವ. ಅಷ್ಟು ಏದುಸಿರಿನಲ್ಲಿ ಕಾಕಾ ನಿಜವಾಗಿಯೂ ಮಾತಾಡಿದರೇ ಎಂಬ ಸಂಶಯವೂ ನನಗಿದೆ. ಅವರಿಗಂತೂ ಏನೂ ನೆನಪಿಲ್ಲ. ಆದರೂ ಕಾಗಿಣಾ ಹೊಳೆಯಲ್ಲಿ ನೀರು ಕುಡಿಯುವ ಎತ್ತಿನ ಕಿವಿಯ ಹಿಂದೆ ಹಗ್ಗ ಕಂಡಾಗಲೆಲ್ಲ, ನನ್ನ ಬೆರಳು ನನ್ನದೇ ಗದ್ದದ ಕೆಳಗೆ ಒಂದು ಮಣಿಯನ್ನು ಹುಡುಕುತ್ತದೆ.