ಮಂಜೂರಿ ಇಲ್ಲವೆ?!

ಖಾಜಾ ಸಾಹೇಬರೇ, ಆ ಪ್ರಶ್ನೆಯ ಕೊನೆಗೆ ಆಶ್ಚರ್ಯದ ಚಿಹ್ನೆ ಹೊಡೆದವನು ನಾನು. ನೀವು ಹೇಳಿರಲಿಲ್ಲ. ಹೇಳಿದಿರಿ ಎಂದು ಅಧಿಕಾರಿಯ ಎದುರು ಸುಳ್ಳಾಡಿದವನೂ ನಾನೇ. ಇದನ್ನು ಓದಲು ನೀವಿಲ್ಲ. ಆದರೂ ಮಾತು ನಿಮಗೇ.

ಹಳೆಯ ಸರ್ಕಾರ ಬಿದ್ದು, ಚಿತ್ತಾಪುರದ ನಮ್ಮ ಕಚೇರಿಯಿಂದ ಉರ್ದು ಹೋಗಿ ಇಂಗ್ಲಿಷ್ ಬಂದ ಕಾಲ ಅದು. ನೀವು ಜೀವನವೆಲ್ಲ ಉರ್ದುವಿನಲ್ಲಿ ಬರೆದ ಹಿರಿಯ ಗುಮಾಸ್ತರು. ನಾನು ಹೊಸದಾಗಿ ಸೇರಿದ, ಇನ್ನೂ ಕಾಯಂ ಆಗದ ಟೈಪಿಸ್ಟ್. ನೀವು ಕನ್ನಡದಲ್ಲಿ ಹೇಳುತ್ತಿದ್ದಿರಿ, ನಾನು ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದೆ, ನೀವು ನನ್ನನ್ನು ನಂಬಿ ಸಹಿ ಹಾಕುತ್ತಿದ್ದಿರಿ.

ಛಾವಣಿ ಸೋರುತ್ತಿತ್ತು. ಶಹಾಬಾದಿನ ಕಲ್ಲು ರೈಲು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ; ಪಕ್ಕದಲ್ಲೇ ಇದ್ದ ನಮಗೆ ಛಾವಣಿಯ ಒಡೆದ ಹಾಸುಗಲ್ಲು ಬದಲಿಸಲು ಮಂಜೂರಿ ಇಲ್ಲ! ಎಷ್ಟು ಸಲ ಬರೆದರೂ ಅದೇ ಉತ್ತರ — ಪರಿಶೀಲನೆಯಲ್ಲಿದೆ. ಹತ್ತಕ್ಕೆ ಸರಿಯಾಗಿ ಕೆಲಸ ಶುರು ಮಾಡುವವನು ನಾನು. ಆ ಮಳೆಗಾಲದಲ್ಲಿ ಟೈಪ್ ಯಂತ್ರವನ್ನು ಮೂಲೆಯಿಂದ ಮೂಲೆಗೆ ಹೊರುವುದರಲ್ಲೇ ಹನ್ನೊಂದಾಗುತ್ತಿತ್ತು.

"ಸಿಟ್ಟಿಲೆ ಬರೀಬ್ಯಾಡ, ಬಸಣ್ಣ," ಅಂದಿರಿ. "ಅರ್ಜಿ ಅದ, ಜಗಳ ಅಲ್ಲ. ಮಂಜೂರಿ ಸಿಗ್ತದೋ ಇಲ್ಲೋ, ಇಷ್ಟ ಕೇಳು."

"ನಿಮ್ಮ ತಲಿ ಮ್ಯಾಲ ಸೋರಂಗಿಲ್ಲ, ಅದಕ್ಕ ಹಂಗಂತೀರಿ."

"ನನ್ನ ತಲಿ ಮ್ಯಾಲ ಟೋಪಿ ಅದಪಾ!" ಎಂದು ನಗುತ್ತ ನಮಾಜಿಗೆ ಎದ್ದು ಹೋದಿರಿ.

ನಾನು ಇಂಗ್ಲಿಷಿನಲ್ಲಿ ಹೊಡೆದೆ — ಮಂಜೂರಿ ಇಲ್ಲವೆ?! ನಂಬಲಾಗದ್ದನ್ನು ಕೇಳುವಾಗ ಇಂಗ್ಲಿಷ್ ಕಥೆಪುಸ್ತಕಗಳಲ್ಲಿ ಹೀಗೆ ಎರಡನ್ನೂ ಒಟ್ಟಿಗೆ ಹಾಕುವುದನ್ನು ಕಂಡಿದ್ದೆ. ಕಥೆಯಲ್ಲಿ ಅದು ಬೆರಗು. ಮೇಲಿನವರಿಗೆ ಕಳಿಸುವ ಕಾಗದದಲ್ಲಿ ಹಂಗಿಸುವ ಮಾತು. ಗೊತ್ತಿತ್ತು. ಆ ಯಂತ್ರದಲ್ಲಿ ಆಶ್ಚರ್ಯದ ಚಿಹ್ನೆಗೆ ಬೇರೆ ಕೀಲಿಯೇ ಇರಲಿಲ್ಲ. ಮೊದಲು ಮೇಲಿನ ಪುಟ್ಟ ಗೆರೆ ಹೊಡೆದು, ಯಂತ್ರವನ್ನು ಒಂದು ಅಕ್ಷರದಷ್ಟು ಹಿಂದೆ ಸರಿಸಿ, ಗೆರೆಯ ಕೆಳಗೆ ಚುಕ್ಕೆ ಇಡಬೇಕು. ಕೈತಪ್ಪಿ ಬೀಳುವಂಥದ್ದಲ್ಲ ಅದು. ನಮಾಜು ಮುಗಿಸಿ ಬಂದು ನೀವು ಎಂದಿನಂತೆ ಸಹಿ ಹಾಕಿದಿರಿ.

ವಿಚಾರಣೆಗೆ ಬಂದ ಅಧಿಕಾರಿ ಹೊರಗಿನವರು. ವಾಡಿಯಲ್ಲಿ ರೈಲು ಇಳಿದು ನೇರ ಬಂದರು. ಕಾಗದವನ್ನು ಮೇಜಿನ ಮೇಲಿಟ್ಟು, ಆ ಚಿಹ್ನೆಯ ಮೇಲೆ ಬೆರಳೂರಿ, "ಕೈತಪ್ಪೇ?" ಎಂದು ನನ್ನನ್ನು ಕೇಳಿದರು. ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪಿಲ್ಲದ ಟೈಪಿಸ್ಟ್ ಎಂಬ ನನ್ನ ಹೆಸರು — ಆ ತಿಂಗಳೇ ಕಾಯಂ ಆಗಬೇಕಿದ್ದ ನೌಕರಿ —

"ಸಾಹೇಬ್ರು ಹೇಳ್ದಂಗ ಹೊಡ್ದೀನ್ರಿ."

ಆ ದಿನಗಳಲ್ಲಿ ಹಳೆಯ ಸರ್ಕಾರದ ಗುಮಾಸ್ತ, ಅದೂ ಮುಸಲ್ಮಾನ, ಮೇಲಿನವರನ್ನು ಹಂಗಿಸಿದ ಎಂದರೆ ಬೇರೆ ವಿಚಾರಣೆ ಯಾರಿಗೂ ಬೇಕಿರಲಿಲ್ಲ. ಇದೂ ನನಗೆ ಗೊತ್ತಿತ್ತು. ನೀವು ಅಧಿಕಾರಿಯತ್ತ ನೋಡಲಿಲ್ಲ. ನನ್ನನ್ನು ನೋಡಿದಿರಿ.

"ನಾ ಹಂಗಂದೆನೇನಪಾ, ಬಸಣ್ಣ?"

ನಾನು ಯಂತ್ರದ ರಿಬ್ಬನ್ ಸರಿಮಾಡುತ್ತ ಕುಳಿತೆ — ಅದು ಸರಿಯಾಗಿಯೇ ಇತ್ತು.

ನಿಮ್ಮ ನೌಕರಿ ಹೋಯಿತು. ಚಿಂಚೋಳಿಗೆ ಹೋಗಿ ಅರ್ಜಿ ಬರೆದುಕೊಡುತ್ತ ಕುಳಿತಿರಂತೆ. ಉರ್ದು ಅರ್ಜಿ ಆಗ ಯಾರಿಗೆ ಬೇಕಿತ್ತು? ನಾನು ಕಾಯಂ ಆದೆ. ಛಾವಣಿಗೆ ಹೊಸ ಕಲ್ಲೂ ಬಂತು. ಎಂಥ ಸಣ್ಣ ಕೆಲಸಕ್ಕೆ, ಸಾಹೇಬರೇ, ಎಂಥ — ಈಗಲೂ ಮೈ ಉರಿಯುತ್ತದೆ. ಆಗ ಸಿಟ್ಟು ಛಾವಣಿಯ ಮೇಲೆ. ಈಗ ನನ್ನ ಮೇಲೆಯೇ.

ಹೋದ ವಾರ ಸೇಡಮಿನ ಒಂದು ಮದುವೆಯಲ್ಲಿ ನಿಮ್ಮ ಮಗಳು ಸಿಕ್ಕಳು. ನನ್ನ ಗುರುತು ಹಿಡಿದು, "ಕುಂದ್ರಿ, ಕಾಕಾ" ಎಂದು ತನ್ನ ಕುರ್ಚಿ ಕೊಟ್ಟಳು. ನಿಮ್ಮ ಮಾತು ಬಂತು.

"ನೀವು ಸುಳ್ಳು ಹೇಳೋರಲ್ಲ ಅಂತಿದ್ರು ಅಬ್ಬಾ. ತಾನೇ ಏನೋ ಭಾಳ ಕೆಟ್ಟ ಮಾತಂದಿರಬೇಕು ಅಂತ, ಸಾಯೂತನಕ ಅದನ್ನ ನೆನಸ್ತಿದ್ರು."

ಕುರ್ಚಿಯಿಂದ ಎದ್ದು ಬಂದೆ.

ನಾಳೆ ಮೊದಲ ಬಸ್ಸಿಗೆ ಚಿಂಚೋಳಿಗೆ, ಅವಳ ಮನೆಗೆ ಹೊರಡುತ್ತೇನೆ. ನೀವು ಕೇಳಿದ್ದಕ್ಕೆ ಅವಳೆದುರು ಉತ್ತರ ಕೊಡಬೇಕು.

ಇಲ್ರಿ, ಸಾಹೇಬ್ರ. ನೀವು ಹಂಗ ಅಂದಿದ್ದಿಲ್ಲ.